ಬೆಕ್ಕು ಮಲಗಿರುವ ಪಿಯಾನೋ

ಬೆಳಕು ಇನ್ನೂ ಹರಿಯಬೇಕು. ಅಡುಗೆಮನೆಯ ಮೇಜಿನ ಮುಂದೆ ಕುಳಿತವರ ಹತ್ತು ಬೆರಳುಗಳೂ ಓಡಾಡುತ್ತಿವೆ, ಆದರೆ ಒಂದು ಚೂರೂ ಸದ್ದಿಲ್ಲ. ಮೇಜಿನ ಅಂಚಿನುದ್ದಕ್ಕೂ ದಪ್ಪ ಕಾಗದ ಅಂಟಿಸಿದೆ. ಅದರ ಮೇಲೆ ಸ್ಕೇಲಿಟ್ಟು ಎಳೆದ ಕಪ್ಪು ಬಿಳುಪಿನ ಕೀಗಳು. ನಡುವಿನ ಒಂದು ಬಿಳಿ ಕೀಗೆ ಮಾತ್ರ ಪೆನ್ಸಿಲಿನ ಬೂದು ಬಣ್ಣ. ಬೆರಳು ಅಲ್ಲಿಗೆ ಬಂದಾಗಲೆಲ್ಲ ಅವರು ತಮ್ಮಷ್ಟಕ್ಕೆ ನಗುತ್ತಾರೆ. ಒಲೆಯ ಮೇಲಿನ ಹಾಲು ಉಕ್ಕುವವರೆಗೆ ಈ ಮೂಕ ಕಚೇರಿ ಸಾಗುತ್ತದೆ.

ಇವರು ಸಂಗೀತ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಪಿಯಾನೋದ ಮೊದಲ ಪಾಠ ಹೇಳುವ ಟೀಚರ್. ಮಕ್ಕಳ ಬಾಯಲ್ಲಿ ಬೆಕ್ಕಿನ ಮಿಸ್. ದಿನಕ್ಕೆ ಹದಿನೆಂಟು ಮಕ್ಕಳು, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಅವರೆಲ್ಲ ಬೆಳೆದು ದೊಡ್ಡ ಕ್ಲಾಸಿಗೆ ಹೋಗುತ್ತಾರೆ, ವೇದಿಕೆ ಹತ್ತಿ ಚಪ್ಪಾಳೆ ಗಿಟ್ಟಿಸುತ್ತಾರೆ. ಮೊದಲು ಬೆರಳು ಹಿಡಿದು ಕೂರಿಸಿದವರ ಹೆಸರು ಯಾವ ಕರಪತ್ರದಲ್ಲೂ ಇರುವುದಿಲ್ಲ.

ಪಾಠಕ್ಕೆಂದು ಹತ್ತೊಂಬತ್ತು ವರ್ಷಗಳಲ್ಲಿ ಅವರೇ ಕಟ್ಟಿದ ತುಣುಕುಗಳು ಅರವತ್ತಮೂರು. ಒಂದೂ ಅರ್ಧ ನಿಮಿಷ ದಾಟುವುದಿಲ್ಲ. 'ಸೋಪು ಜಾರಿತು', 'ತಾತನ ಸೀನು', 'ಒಂದು ಷೂ ಎಲ್ಲಿ?' ಎಂಬಂಥ ಹೆಸರುಗಳು. ಎಲ್ಲಕ್ಕೂ ಮೂಲ ಒಂದು ಸುಳ್ಳು. ಶಾಲೆಯ ಹಳೆಯ ಪಿಯಾನೋದಲ್ಲಿ ನಡುವಿನ ಒಂದು ಕೀ ಮೂಗಿ. ರಿಪೇರಿಯವನು ನೋಡಿ, ಅದರ ಬಿಡಿಭಾಗ ಎಲ್ಲೂ ಸಿಗುವುದಿಲ್ಲವೆಂದು ಕೈಚೆಲ್ಲಿದ್ದ.

"ಇದ್ಯಾಕೆ ಮಾತಾಡಲ್ಲ ಅಂತ ಒಂದು ಮಗು ಕೇಳ್ತು. ಅಲ್ಲೊಂದು ಬೆಕ್ಕು ಮಲಗಿದೆ, ಅದಕ್ಕೇ ಅಂದುಬಿಟ್ಟೆ" ಎನ್ನುತ್ತಾರೆ ಟೀಚರ್. "ಮಾರನೇ ದಿನ ಅಷ್ಟೂ ಮಕ್ಕಳು ತುದಿಗಾಲಲ್ಲಿ ಕ್ಲಾಸಿಗೆ ಬಂದ್ವು."

ಅಂದಿನಿಂದ ಅವರ ಎಲ್ಲ ತುಣುಕುಗಳೂ ಆ ಕೀ ಮೇಲೆ ಹಾದು ಹೋಗುತ್ತವೆ. ಸೋಪು ಜಾರುತ್ತ ಬಂದು ಅಲ್ಲಿ ಗಪ್‌ಚಿಪ್ ಆಗುತ್ತದೆ. ತಾತನ ಸೀನು ಅಲ್ಲಿಗೆ ಬಂದು ನಿಲ್ಲುತ್ತದೆ. ಸದ್ದೇ ಇಲ್ಲದ ಆ ಒಂದು ಗಳಿಗೆಗಾಗಿ ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಾರೆ.

ಎರಡು ವಾರದ ಹಿಂದೆ ಶಾಲೆಗೆ ಹೊಸ ಪಿಯಾನೋ ಬಂತು. ಕನ್ನಡಿಯಂತೆ ಹೊಳೆಯುವ ಅದರಲ್ಲಿ ಎಲ್ಲ ಕೀಗಳೂ ಬಾಯಿಬಡುಕರು. ಮೊದಲ ಮಗು ನುಡಿಸುತ್ತ ನಡುವಿನ ಕೀ ಒತ್ತಿದ್ದೇ ತಡ, ಅದು ಠಣ್ ಎಂದಿತು. "ಮಿಸ್, ಬೆಕ್ಕು ಎದ್ಬಿಡ್ತು" ಎಂದು ಮಗು ಗೊಳೋ ಎಂದು ಅತ್ತಿತು. ಶಾಲೆಯ ಮುಖ್ಯಸ್ಥೆ ಒಳ್ಳೆಯವರೇ. ಆದರೂ ಶುಕ್ರವಾರದವರೆಗೆ ನೋಡೋಣ, ಆಮೇಲೆ ಈ ತುಣುಕುಗಳ ಬದಲು ಅಚ್ಚಾದ ಪಾಠದ ಪುಸ್ತಕವನ್ನೇ ತರಿಸೋಣ ಎಂದರು. ಹತ್ತೊಂಬತ್ತು ವರ್ಷದ ಕೆಲಸ ನೀರಿನಲ್ಲಿ ಹೋಮವಾಗುವುದರಲ್ಲಿತ್ತು.

ಮನೆಯಲ್ಲಿರುವುದು ಅವರು, ಹೊಲಿಗೆ ಕೆಲಸದ ಅಕ್ಕ, ಮತ್ತು ನಿಜವಾದ ಒಂದು ಬೆಕ್ಕು. ಅಕ್ಕನಿಗೆ ಸಂಗೀತ ಅಷ್ಟಕ್ಕಷ್ಟೇ. ತಂಗಿಯ ಗೋಳು ಕೇಳಿ ಆಕೆ ಹೊಲಿಗೆ ನಿಲ್ಲಿಸಲೂ ಇಲ್ಲ.

"ಬಟ್ಟೆ ಮೇಲೆ ಇದು ದಿನಾ ಮಲಗಿರತ್ತೆ. ಏಳಿಸದೇನೇ ಸವರ್ತೀಯಲ್ಲ, ಹಾಗೆ ಸವರೋಕೆ ಹೇಳ್ಕೊಡು ಮಕ್ಕಳಿಗೆ" ಎಂದಳು.

ಪಿಯಾನೋದ ಕೀಯನ್ನು ತೀರಾ ಮೆಲ್ಲಗೆ ಇಳಿಸಿದರೆ ಒಳಗಿನ ಸುತ್ತಿಗೆ ತಂತಿಗೆ ತಗುಲುವುದಿಲ್ಲ, ಸದ್ದೂ ಆಗುವುದಿಲ್ಲ. ಟೀಚರ್‌ಗೆ ಇದು ಗೊತ್ತಿರದೆ ಏನು? ಆದರೆ ದೊಡ್ಡವರಿಗೇ ಬೆರಳು ನಡುಗುತ್ತದೆ, ಇನ್ನು ಆರು ವರ್ಷದವರಿಗೆ? ಆದರೂ ಹೇಳಿಕೊಟ್ಟು ನೋಡಿದರು. ಮೂರು ದಿನ ಮಕ್ಕಳು ಒತ್ತಿದಾಗಲೆಲ್ಲ ಠಣ್, ಠಣ್.

ಶುಕ್ರವಾರ ಬೆಳಗ್ಗೆ ಮುಖ್ಯಸ್ಥೆ ಬಾಗಿಲಲ್ಲಿ ನಿಂತಿದ್ದರು. ಮುಂದಿನ ಹಲ್ಲು ಬಿದ್ದ ಒಬ್ಬಳು ಪುಟಾಣಿ ಸ್ಟೂಲ್ ಹತ್ತಿ ಕುಳಿತಳು. ಸೋಪು ಜಾರಿತು, ಜಾರಿತು, ನಡುವಿಗೆ ಬಂತು. ಅವಳು ನಾಲಿಗೆ ಕಚ್ಚಿಕೊಂಡು, ಬೆರಳಿನ ಮೆತ್ತನೆಯ ಭಾಗದಿಂದ ಕೀಯನ್ನು ಸವರುತ್ತ ಇಳಿಸಿದಳು. ಕೀ ತಳ ಮುಟ್ಟಿತು. ಕೋಣೆಯಲ್ಲಿ ಕಿಟಕಿಯ ಪರದೆ ಅಲುಗಿದ್ದಷ್ಟೇ ಕೇಳಿಸಿತು.

"ಏಳ್ಲಿಲ್ಲ ಮಿಸ್" ಎಂದು ಪುಟಾಣಿ ಪಿಸುಗುಟ್ಟಿದಳು.

ಮುಖ್ಯಸ್ಥೆಯೂ ದನಿ ತಗ್ಗಿಸಿಯೇ ಮಾತಾಡಿದರು: "ಇಷ್ಟು ಹಗುರ ಕೈ ಬರಿಸೋಕೆ ದೊಡ್ಡ ಕ್ಲಾಸಲ್ಲಿ ನಂಗೆ ಎರಡು ವರ್ಷ ಹಿಡಿಯತ್ತೆ. ಪುಸ್ತಕ ಬೇಡ ಬಿಡಿ."

ಮನೆಯ ಕಾಗದದ ಪಿಯಾನೋದಲ್ಲಿ ಬೂದು ಬಣ್ಣ ಹಾಗೇ ಉಳಿದಿದೆ. ಟೀಚರ್ ಈಗ ಅರವತ್ತನಾಲ್ಕನೆಯದನ್ನು ಕಟ್ಟುತ್ತಿದ್ದಾರೆ. ಅದರ ಕೊನೆಯಲ್ಲಿ ಮಾತ್ರ ಆ ಕೀ ಗಟ್ಟಿಯಾಗಿ ನುಡಿಯಬೇಕಂತೆ.

"ಎಷ್ಟು ವರ್ಷ ಅಂತ ಮಲಗತ್ತೆ ಪಾಪ, ಅದಕ್ಕೂ ಹಸಿವಾಗಲ್ವಾ" ಎಂದು ನಕ್ಕು, ಉಕ್ಕಲು ಬಂದ ಹಾಲನ್ನು ಇಳಿಸುತ್ತಾರೆ. "ಏಳಿಸೋದು ಯಾವಾಗ ಅಂತ ನಾನು ಹೇಳಲ್ಲ. ಒಂದಿನ ಮಕ್ಕಳೇ ಬಂದು, ಮಿಸ್, ಇನ್ನು ಏಳಿಸೋಣ ಅನ್ನಬೇಕು. ಅವತ್ತು ನಾನು ಆ ಕೋಣೆಯಲ್ಲಿ ಇದ್ರೆ ಸಾಕು."