ಮದುವೆ, ಸರ್ಕಾರ, ನಡುವೆ ವೇಣುಗೋಪಾಲ

ಸೂಲಿಬೆಲೆಯಲ್ಲಿ ನನ್ನ ಬೈಕ್ ರಿಪೇರಿ ಅಂಗಡಿಗೂ ವೇಣುಗೋಪಾಲನ ಡಿಟಿಪಿ ಅಂಗಡಿಗೂ ನಡುವೆ ಒಂದೇ ಗೋಡೆ. ನಾನು ಗಿರಾಕಿಗೆ ಬೈದರೆ ಅವನಿಗೆ ಕೇಳಿಸುತ್ತದೆ. ಗಿರಾಕಿ ಅವನಿಗೆ ಬೈದರೆ ನನಗೆ ಕೇಳಿಸುತ್ತದೆ. ಇಂಥವನನ್ನು ಊರಿನವರು ಬಹಳ ಒಳ್ಳೆಯವನು ಅನ್ನುತ್ತಾರೆ. ಹಾಗೆ ಅನ್ನುತ್ತಲೇ ಸಾಲಿನಲ್ಲಿ ಅವನನ್ನು ದಾಟಿಕೊಂಡು ಮುಂದೆ ಹೋಗುತ್ತಾರೆ.

ಅವನ ಹತ್ತಿರ ಇರುವುದು ಒಂದೇ ಹಳೇ ಕಂಪ್ಯೂಟರು. ಅದರೊಳಗೆ ಎರಡು ಸಂಸಾರ. ಲಗ್ನಪತ್ರಿಕೆಯ ಕನ್ನಡ ಅಕ್ಷರಗಳಿರುವ ಸಾಫ್ಟ್‌ವೇರ್ ಹಳೇ ವಿಂಡೋಸ್ ಬಿಟ್ಟು ಎಲ್ಲೂ ಓಡುವುದಿಲ್ಲ. ಪಹಣಿ, ಅರ್ಜಿಗಳ ವೆಬ್‌ಸೈಟು ಹಳೇ ವಿಂಡೋಸಿನ ಮುಖ ನೋಡುವುದಿಲ್ಲ. ಅದಕ್ಕೇ ಎರಡನ್ನೂ ಹಾಕಿಕೊಂಡು, ಯಾವುದು ಬೇಕೆಂದು ಶುರುವಿನಲ್ಲೇ ಕೇಳುವ ಒಂದು ಪುಕ್ಕಟೆ ಸಾಫ್ಟ್‌ವೇರನ್ನು ಬಾಗಿಲಲ್ಲಿ ಕೂರಿಸಿದ್ದ. ಹಳೇ ಬೈಕಿನ ಟ್ಯಾಂಕಿನ ಕೆಳಗೆ ಮೇನು, ರಿಸರ್ವು ಎಂದು ತಿರುಗಿಸುತ್ತಿದ್ದೆವಲ್ಲ, ಹಾಗೆ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲು ಬರುತ್ತಿದ್ದವು: ಮದುವೆ, ಸರ್ಕಾರ. ಹೆಸರಿಟ್ಟವನು ಅವನೇ. ಹತ್ತು ಸೆಕೆಂಡಿನೊಳಗೆ ಆರಿಸದಿದ್ದರೆ ಸರ್ಕಾರ ತಾನಾಗಿಯೇ ಬಂದು ಕೂರುತ್ತಿತ್ತು. ನಮ್ಮ ಹೋಬಳಿಯಲ್ಲಿ ಸರ್ಕಾರ ತಾನಾಗಿ ಬರುತ್ತಿದ್ದ ಜಾಗ ಅದೊಂದೇ.

ಒಂದು ಭಾನುವಾರ ಅವನ ಬಾಮೈದ ನವೀನ್‌ಕುಮಾರ್ ಬಂದ. ದೇವನಹಳ್ಳಿಯ ಯಾವುದೋ ಹೋಟೆಲಿನಲ್ಲಿ ಕಂಪ್ಯೂಟರಿನ ಮುಂದೆ ನಿಂತು ರೂಮಿನ ಕೀಲಿ ಕೊಡುವ ಕೆಲಸ. ಆದ್ದರಿಂದ ಅವನಿಗೆ ಕಂಪ್ಯೂಟರ್ ಗೊತ್ತೆಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದಾರೆ. ಹೆಂಡತಿಯ ತಮ್ಮನಿಗೆ ಬೇಡ ಎನ್ನಲಾಗುತ್ತದೆಯೇ? ಸರ್ಕಾರ ನಿಧಾನವಾಗಿದೆಯೆಂದು ಹೇಳಿ ಹೊಸ ವಿಂಡೋಸನ್ನು ಮತ್ತೆ ಹೊಸದಾಗಿ ಹಾಕಿ, ಕೋಳಿ ಸಾರು ಉಂಡು ಹೋದ.

ಸೋಮವಾರ ಬೆಳಗ್ಗೆ ಕಂಪ್ಯೂಟರ್ ಯಾರನ್ನೂ ಏನೂ ಕೇಳದೆ ನೇರ ಸರ್ಕಾರಕ್ಕೆ ಹೋಯಿತು. ಮದುವೆಯ ಸುಳಿವೇ ಇಲ್ಲ.

ಅವತ್ತೇ ಬರಬೇಕೇ ಅಪ್ಪಯ್ಯಣ್ಣ. ಹಾಲಿನ ಡೇರಿಗೆ ಹತ್ತು ವರ್ಷ ಅಧ್ಯಕ್ಷರಾಗಿದ್ದವರು. ಮಗಳು ಸಿಂಚನಳ ಲಗ್ನಪತ್ರಿಕೆಯನ್ನು ಅಂದು ಸಂಜೆಯೊಳಗೆ ಅರಿಶಿನ ಹಚ್ಚಿ ಮನೆದೇವರ ಮುಂದೆ ಇಡಬೇಕು. ಒಗ್ಗಟ್ಟು ತೋರಿಸಲು ಎರಡೂ ಮನೆಗೆ ಒಂದೇ ಪತ್ರಿಕೆ. ಅದರಲ್ಲಿ ಸುಖಾಗಮನ ಬಯಸುವವರು ಅರವತ್ತೊಂದು ಜನ. ಆ ಒಗ್ಗಟ್ಟಿನಲ್ಲಿ ಯಾರ ಹೆಸರು ಮೇಲೆ ಎಂದು ಇದೇ ಅಂಗಡಿಯ ಬೆಂಚಿನ ಮೇಲೆ ಮೂರು ದಿನ ಪಂಚಾಯಿತಿ ನಡೆದಿತ್ತು. ಅಪ್ಪಯ್ಯಣ್ಣನವರ ಅಣ್ಣ ಕೆಂಪರಾಜ್ ಮೊದಲೋ, ಬೀಗರಾದ ಲಕ್ಷ್ಮಯ್ಯನವರ ಅಣ್ಣ ಚಲಪತಿ ಮೊದಲೋ? ಕೊನೆಗೆ ಚಲಪತಿ ಮೇಲೆ ಎಂದು ಒಪ್ಪಿಗೆಯಾಯಿತು. ಹೊಡೆದುಹಾಕಿದ ಹೆಸರುಗಳು ಕಣ್ಣಿಗೆ ಬಿದ್ದರೆ ಮತ್ತೆ ಜಗಳವಾಗುತ್ತದೆಂದು, ವೇಣುಗೋಪಾಲ ಟೈಪ್ ಮಾಡಿ ಮುಗಿಸಿದ ಕೂಡಲೇ ಹೆಸರು ಬರೆದಿದ್ದ ಚೀಟಿಯನ್ನು ಎಲ್ಲರೆದುರು ಹರಿದುಹಾಕಿದ್ದರು. ಇಷ್ಟು ಬುದ್ಧಿವಂತರು ಪಕ್ಕದ ಹೋಬಳಿಯಲ್ಲಿ ಸಿಗಲಾರರು.

“ಇನ್ನೊಂದ್ ಸಲ ಆ ಪಂಚಾಯ್ತಿ ಸೇರಿದ್ರೆ ಈ ಮದ್ವೆ ಆಗಲ್ಲ ವೇಣು,” ಎಂದು ಅಪ್ಪಯ್ಯಣ್ಣ ಬೆಂಚಿನ ಮೇಲೆ ಕುಸಿದರು.

ನಾನು ವೇಣುಗೋಪಾಲನ ಫೋನ್ ಕಿತ್ತುಕೊಂಡು ನವೀನ್‌ಕುಮಾರನಿಗೆ ಕರೆ ಮಾಡಿದೆ. “ಲೇ, ಏನ್ ಅಳಿಸಿದ್ಯೋ ಬೊಗಳು.”

“ಏನೂ ಅಳಿಸಿಲ್ಲ ಅಂಕಲ್, ಹೊಸದರ ಜಾಗಕ್ಕೇ ಹೊಸದು ಹಾಕಿರೋದು. ನೀವೂ ಸ್ವಲ್ಪ ಅಪ್‌ಡೇಟ್ ಆಗ್ಬೇಕು.”

“ಬಾ ಇಲ್ಲಿ, ಸ್ಪ್ಯಾನರ್ ತಗೊಂಡು ನಿನ್ನೇ ಅಪ್‌ಡೇಟ್ ಮಾಡ್ತೀನಿ.”

ವೇಣುಗೋಪಾಲ ಫೋನನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡ. “ಬಿಡಣ್ಣ. ಅಳಿಸಿಲ್ಲ ಅಂದ್ಮೇಲೆ ಮದ್ವೆ ಒಳಗೇ ಐತೆ. ಬಾಗ್ಲು ಮಾತ್ರ ಮುಚ್ಚೋಗೈತೆ.”

ಮುಚ್ಚಿದ ಬಾಗಿಲು ತೆರೆಯುವ ಸಾಫ್ಟ್‌ವೇರೂ ಪುಕ್ಕಟೆಯೇ ಅಂತೆ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳತೊಡಗಿದ. ಅಪ್ಪಯ್ಯಣ್ಣನವರಿಗೆ ಅನುಮಾನ. “ದುಡ್ಡಿಲ್ದೆ ಯಾರಪ್ಪ ಕೊಡ್ತಾರೆ?”

“ಯಾರೋ ಪುಣ್ಯಾತ್ಮರು ಬರ್ದವ್ರೆ. ಬೇಕಾದೋರು ತಗೊಳ್ಳಿ, ಕೆಟ್ರೆ ನೀವೇ ರಿಪೇರಿ ಮಾಡ್ಕೊಳ್ಳಿ ಅಂತ ಬಿಟ್ಟವ್ರೆ.”

“ತಲೆ ಕೆಟ್ಟೋರಿರ್ಬೇಕು.”

ಹತ್ತು ವರ್ಷ ಅಧ್ಯಕ್ಷರಾಗಿದ್ದವರಿಗೆ ಹಾಗನ್ನಿಸುವುದು ಸಹಜ.

ಮೊದಲ ಸಲ ಕಂಪ್ಯೂಟರ್ ಪೆನ್‌ಡ್ರೈವಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಅಂಗಡಿಯ ಗಾಡಿಯಾಗಿದ್ದರೆ ಒಂದು ಒದೆ ಬೀಳುತ್ತಿತ್ತು. ವೇಣುಗೋಪಾಲ ಯಾವುದೋ ನೀಲಿ ಪರದೆಗೆ ಹೋಗಿ, ಮೊದಲು ಪೆನ್‌ಡ್ರೈವನ್ನೇ ಓದಬೇಕೆಂದು ಹೇಳಿ ಮತ್ತೆ ಆನ್ ಮಾಡಿದ. ಒಂದು ಪಟ್ಟಿ ಬಂತು. ಕೊನೆಯ ಸಾಲು ಒತ್ತಿದ. ಹಳೇ ವಿಂಡೋಸ್ ಎದ್ದಿತು. ಫೈಲ್ ತೆರೆದರೆ ಅರವತ್ತೊಂದು ಹೆಸರೂ ಇಟ್ಟಲ್ಲೇ ಇದ್ದವು.

ಅಪ್ಪಯ್ಯಣ್ಣ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಓದಿದರು. ಹೋದ ಜೀವ ಬಂತು. ಜೀವದ ಹಿಂದೆಯೇ ಬುದ್ಧಿಯೂ ಬಂತು.

“ವೇಣು, ಹೆಂಗೂ ತೆಗ್ದಿದೀಯ. ನಮ್ ಕೆಂಪರಾಜಣ್ಣನ್ನ ಒಂದೇ ಒಂದ್ ಸಾಲು ಮೇಲಕ್ಕೆ ತಗೊಂಬಿಡು. ಚೀಟಿನೂ ಇಲ್ಲ, ಯಾರ್ ಕೇಳ್ತಾರೆ?”

ವೇಣುಗೋಪಾಲ ಮೌಸಿನ ಮೇಲಿಂದ ಕೈ ತೆಗೆದ. “ಆಗಲ್ಲ ಅಪ್ಪಯ್ಯಣ್ಣ.”

“ಏನಪ್ಪಾ, ಹಿಂಗಂತೀಯ?”

“ಲಕ್ಷ್ಮಯ್ಯನೋರ್ನೂ ಕರ್ಕೊಂಬನ್ನಿ. ಇಬ್ರೂ ಇಲ್ಲೇ ಕೂತು ಹೇಳಿ, ಎಷ್ಟ್ ಸಾಲು ಬೇಕಾದ್ರೂ ಏರಿಸ್ತೀನಿ. ನೀವು ಚೀಟಿ ಹರ್ದಿದ್ದು ನನ್ನ ನಂಬ್ಕೊಂಡು ತಾನೆ?”

ಅಪ್ಪಯ್ಯಣ್ಣ ನನ್ನ ಕಡೆ ನೋಡಿದರು. ನಾನು ಗ್ರೀಸ್ ಹತ್ತಿದ ಉಗುರು ನೋಡಿಕೊಂಡೆ. ಅವರು ಗೋಡೆಯ ಗಡಿಯಾರ ನೋಡಿದರು.

“ಪ್ರಿಂಟ್ ಕೊಡು,” ಎಂದರು.

ಪತ್ರಿಕೆ ಬೆಚ್ಚಗೆ ಹೊರಬಂತು. ಚಲಪತಿ ಮೇಲೆ, ಕೆಂಪರಾಜ್ ಕೆಳಗೆ. ಅಪ್ಪಯ್ಯಣ್ಣ ಅದನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಅಂಗಡಿಯ ಮೆಟ್ಟಿಲನ್ನು ನೋಡಿ ನೋಡಿ ಇಳಿದರು.