ಬಾಣವಿಲ್ಲದ ಕಲ್ಲು

ನಮ್ಮ ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಬಿಳಿ ಬಣ್ಣ ಮೆತ್ತಿರುತ್ತಿತ್ತು. ಸುಣ್ಣವೆಂದುಕೊಂಡ ಹಳ್ಳಿಗರು ಎಲೆಅಡಿಕೆ ಚಾಚಿದರೆ, "ಎಲಿ ಬ್ಯಾಡ್ರಿ, ಇದು ಕಲ್ಲಿಗೆ ಹಚ್ಚೂದು" ಎನ್ನುತ್ತಿದ್ದರು.

ಅರವತ್ತರ ದಶಕದ ಆರಂಭದಲ್ಲಿ ಧಾರವಾಡದ ಕಾಲೇಜಿನಲ್ಲಿ ಅವರು ನಮಗೆ ಭೂಗರ್ಭಶಾಸ್ತ್ರ ಕಲಿಸುತ್ತಿದ್ದರು. ಅವರನ್ನು ಕಾಡಿದ್ದು ಒಂದೇ ಪ್ರಶ್ನೆ: ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಈ ಶಕ್ತಿ ಭೂಮಿಗೆ ಯಾವಾಗ ಬಂತು? ಕುದಿಯುವ ಕಲ್ಲು ಆರಿ ಗಟ್ಟಿಯಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಕಾಲದ ಕಾಂತಶಕ್ತಿಯ ದಿಕ್ಕನ್ನು ಹಿಡಿದು ಹಾಗೆಯೇ ಉಳಿಯುತ್ತವೆ. ಆದರೆ ಅದನ್ನು ಓದಲು ಕಲ್ಲು ನೆಲದಲ್ಲಿ ಹೇಗೆ ಕೂತಿತ್ತೆಂದು ಗೊತ್ತಿರಬೇಕು. ಅದಕ್ಕೇ ಅವರು ಕಲ್ಲನ್ನು ಎಬ್ಬಿಸುವ ಮೊದಲು ಅದರ ಮೇಲೆ ಉತ್ತರಕ್ಕೆ ಬಿಳಿಯ ಬಾಣ ಬರೆಯುತ್ತಿದ್ದರು.

ಮೇಲಿನ ಕಲ್ಲು ಬಿಸಿಲು, ಸಿಡಿಲಿಗೆ ಕೆಟ್ಟಿರುತ್ತದೆ. ಅವರಿಗೆ ಆಳದ್ದು ಬೇಕಿತ್ತು. ಮಾಸೂರಿನ ಗೌಡರೊಬ್ಬರ ಹೊಸ ಬಾವಿಯ ತಳದಲ್ಲಿ ಬಹಳ ಹಳೆಯ ಕರಿಕಲ್ಲು ಸಿಕ್ಕಿದ ಸುದ್ದಿ ಬಂತು. ಎಷ್ಟೋ ಕಾಗದ ಬರೆದ ಮೇಲೆ ಮುಂಬಯಿಯ ಪ್ರಯೋಗಶಾಲೆಯೊಂದು ಅದೇ ತಿಂಗಳು ಅವರ ಕಲ್ಲುಗಳನ್ನು ಪರೀಕ್ಷಿಸಲು ಒಪ್ಪಿತ್ತು. "ಕಲ್ಲು ನಮಗ ಬೇಕು, ಕಾಯ್ದಿಡ್ರಿ" ಎಂದು ಗೌಡರಿಗೆ ಹೇಳಿಕಳಿಸಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಗೌಡರು ಕಾಯ್ದಿಟ್ಟಿದ್ದರು. ಒಳ್ಳೊಳ್ಳೆಯ ಕಲ್ಲುಗಳನ್ನು ಎಬ್ಬಿಸಿ, ತೊಳೆದು, ಪಡಸಾಲೆಯಲ್ಲಿ ಕಂಬಳಿಯ ಮೇಲೆ ಸಾಲಾಗಿ ಇಟ್ಟಿದ್ದರು. ಬಾವಿಯಲ್ಲಿ ಹಿಂದಿನ ದಿನ ಸೆಲೆ ಒಡೆದು, ನೀರು ಬಂದು ತಳ ಮುಳುಗಿತ್ತು. ಆ ಸಂತೋಷಕ್ಕೆ ಮನೆಯಲ್ಲಿ ಹಬ್ಬದ ಅಡಿಗೆ.

ಮಾಸ್ತರರು ಕಂಬಳಿಯ ಅಂಚಿನಲ್ಲಿ ಕೂತು ಬಾಣವಿಲ್ಲದ ಆ ಕಲ್ಲುಗಳ ಮೇಲೆ ಒಂದೊಂದಾಗಿ ಕೈಯಾಡಿಸಿದರು.

"ಯಾಕ್ರೀ ಸರ, ಕಲ್ಲು ಚಲೋ ಇಲ್ಲೇನ್ರಿ?" ಎಂದರು ಗೌಡರು.

"ಭಾಳ ಚಲೋ ಅದಾವ್ರಿ. ಬಾವ್ಯಾಗ ಇವು ಹೆಂಗ ಕುಂತಿದ್ವು?"

ಗೌಡರು ದೊಡ್ಡ ಕಲ್ಲನ್ನು ಹೊರಳಿಸಿದರು. "ಹಿಂಗ. ಈ ಮೂಲಿ ಕೆರಿ ಕಡೆ ಇತ್ರಿ."

ಚಹಾ ತಂದ ಅವರ ಹೆಂಡತಿ ನಕ್ಕರು. "ಕೆರಿ ಕಡೆ ಅಲ್ರಿ, ಊರ ಕಡೆ. ಕಲ್ಲ ಎಬ್ಬಸುಮುಂದ ನೀವು ಬೇವಿನ ಗಿಡದ ಬುಡಕ ಚುಟ್ಟಾ ಸೇದಕೋತ ಕುಂತಿದ್ರಿ."

"ಬುತ್ತಿ ತಂದಾಕಿಗೆ ಬಾವಿ ತಳ ಕಂಡಿತ್ತಂತ."

"ನಿಮಗ ಕಂಡಿತ್ತೇನು, ಆ ಹೊಗಿಯೊಳಗ?"

ಮಾಸ್ತರರೂ ನಕ್ಕರು. ಗೌಡರ ಮಾತು ಹಿಡಿದು ಬಾಣ ಹಾಕಿಬಿಡೋಣ, ಮುಂಬಯಿಯವರು ಮತ್ತೆ ಒಪ್ಪಲಿಕ್ಕಿಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಅವರು ಬಣ್ಣದ ಡಬ್ಬಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ಚೀಲಕ್ಕೆ ಹಾಕಿದರು.

"ಇಬ್ರೂ ಸುಳ್ಳ ಹೇಳಾಕತ್ತಿಲ್ಲ, ತಮ್ಮಾ. ನಾ ಬಾಣ ಹಾಕಿದ್ರ ಅದು ಸುಳ್ಳ ಆಕ್ಕೈತಿ."

ಆಮೇಲೆ ಬಾವಿಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿದು, "ಸಿಹಿ ಅದಾವ್ರಿ ಗೌಡ್ರ" ಎಂದರು. ತಮಗಾದ ನಷ್ಟವನ್ನು ಆ ಮನೆಯವರಿಗೆ ಎಂದೂ ಹೇಳಲಿಲ್ಲ.

ಮುಂಬಯಿಗೆ ಕಲ್ಲು ಹೋಗಲಿಲ್ಲ. ಇನ್ನೊಂದು ಅವಕಾಶ ಕೇಳಿ ಅವರು ಬರೆಯುತ್ತಲೇ ಇದ್ದರು. ಅದು ಸಿಗುವ ಮೊದಲೇ, ನಾನು ಕಾಲೇಜು ಬಿಟ್ಟ ವರ್ಷ, ಎದೆನೋವಿನಿಂದ ತೀರಿಕೊಂಡರು. ಸುದ್ದಿ ಹೇಳಲು ಮಾಸೂರಿಗೆ ಹೋದಾಗ ಆ ದೊಡ್ಡ ಕಲ್ಲು ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲಾಗಿತ್ತು. ಗೌಡರ ಹೆಂಡತಿ ಒದ್ದೆ ಕೈಯನ್ನು ಅದರ ಮೇಲಿಟ್ಟು ನಿಂತರು.

"ಅವತ್ತ ಜಗಳ ಮಾಡಿದ್ನಲ್ರಿ, ಊರ ಕಡೆ ಅಂತ. ಕೆರಿ ಕಡೆನ ಇದ್ದೀತು ಅಂತ ಈಗೀಗ ಅನಸ್ತೈತಿ."

ಯಾವ ದಿನದ ಬಗ್ಗೆ ಬರೆಯಲು ಕೂತರೂ ನನಗೆ ಕಲ್ಲಿನ ಮೇಲಿಟ್ಟ ಆ ಒದ್ದೆ ಕೈ ನೆನಪಾಗುತ್ತದೆ. ಈಗ ಇದನ್ನು ಮತ್ತೆ ಓದಿ ನೋಡಿದೆ. ಮಾಸ್ತರರ ಉಗುರಿನ ಸಂದಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ; ಯಾವ ಕೈ ಎಂಬುದು ಕಾಣುವುದಿಲ್ಲ. ಮೊದಲ ಸಾಲಿನಲ್ಲಿ 'ಬಲಗೈ' ಎಂದಿದ್ದೇನೆ. ದಯವಿಟ್ಟು 'ಕೈ' ಎಂದಷ್ಟೇ ಓದಿಕೊಳ್ಳಿ.