ಹಂಡೆಗೆ ಬಿದ್ದ ಗೊರಕೆ ಕ್ಲಿಪ್ಪು

ಚಂದಕವಾಡಿಯ ಛತ್ರವೊಂದರಲ್ಲಿ ಮದುವೆ ಊಟ ಮುಗಿಸಿ ಹೆಂಗಸರೆಲ್ಲ ಜಮಖಾನದ ಮೇಲೆ ಸಾಲಾಗಿ ಅಡ್ಡಾಗಿದ್ದ ಮಧ್ಯಾಹ್ನ, ನನ್ನ ಗೊರಕೆಗೆ ನಾನೇ ಎಚ್ಚರಗೊಂಡೆ. ಕಣ್ಣು ಮಾತ್ರ ತೆರೆಯಲಿಲ್ಲ. ಯಾರೋ ಹೆಂಗಸು ನಗುತ್ತಾ ಕೇಳುತ್ತಿದ್ದಳು: "ಇದ್ಯಾರವ್ವ, ನಿಮ್ಮೋರಾ?" ಕೇಳಿದ್ದು ನನ್ನ ಪಕ್ಕದಲ್ಲೇ ಮಲಗಿದ್ದ ಅತ್ತಿಗೆಯನ್ನು, ಅಂದರೆ ನನ್ನ ಗಂಡನ ಅಕ್ಕನನ್ನು. ಬೆಳಿಗ್ಗೆ ಒಂದೇ ಸೀಟಿನಲ್ಲಿ ಕೂತು ಬಂದಿದ್ದೆವು. ಅವಳ ಸೆರಗಿಗೆ ಪಿನ್ನು ಹಾಕಿದವಳೂ ನಾನೇ.

"ಯಾರೋ ಕಾಣೆ ಕಣವ್ವ," ಎಂದಳು ಅತ್ತಿಗೆ.

ಎದುರಿಗೆ ಅವಳನ್ನು ಅಕ್ಕ ಎಂದು ಬಹುವಚನದಲ್ಲೇ ಮಾತಾಡಿಸುತ್ತೇನೆ. ಇಲ್ಲಿ ಏಕವಚನ ಸಾಕು. ಆ ಮೂರು ಪದವನ್ನು ನಾನು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಸೇರಿಗೆ ಸವಾಸೇರು ಕೊಡುವ ದಿನ ಬರಲಿ ಎಂದು ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಮಗಳು ಚೊಚ್ಚಲ ಬಾಣಂತನಕ್ಕೆ ಭೀಮನಬೀಡಿನ ನಮ್ಮ ಮನೆಗೆ ಬಂದಾಗ ವಿಷಯ ಬೇರೆಯೇ ಆಯಿತು. ನಮ್ಮ ಕಡೆ ಬಾಣಂತಿಯ ಕೋಣೆಯಲ್ಲಿ ಜೊತೆಗೆ ಮಲಗುವವಳು ತಾಯಿ. ಮಗು ಅತ್ತರೆ ಎತ್ತಿಕೊಳ್ಳುವವಳು, ಬಾಣಂತಿ ಬೆಚ್ಚಿದರೆ ಕೈಹಿಡಿಯುವವಳು ಅವಳೇ. ಒಬ್ಬಳೇ ಮಗಳು, ಆ ಕೋಣೆಯಲ್ಲಿ ನನ್ನ ಚಾಪೆ ಎಲ್ಲಿ ಹಾಸಬೇಕು ಎಂದು ಆರನೇ ತಿಂಗಳಿಗೇ ಯೋಚಿಸಿಟ್ಟಿದ್ದೆ. ಆದರೆ ಕೂಸಿಗೆ ಎಣ್ಣೆನೀರು ಹಾಕಲು ನಮ್ಮ ವಂಶದಲ್ಲಿ ಅತ್ತಿಗೆಯನ್ನು ಬಿಟ್ಟರೆ ಕೈ ಪಳಗಿದವರಿಲ್ಲ. ಗುಂಡ್ಲುಪೇಟೆಯಿಂದ ಗಂಟುಮೂಟೆ ಸಮೇತ ಬಂದಿಳಿದಳು. ಬಂದ ದಿನವೇ ನನ್ನ ಚಾಪೆ ಸುತ್ತಿ ನಡುಮನೆಗೆ ತಂದು ಇಟ್ಟಳು.

"ನಿನ್ ಗೊರ್ಕೆಗೆ ಎಳೇಕೂಸು ಬೆಚ್ಚಿ ಬೀಳ್ತದ ಕಣಮ್ಮಿ. ನಾನ್ ಮಲಿಕೋತಿನಿ ಬುಡು."

ಗಂಡ ತಲೆಯಾಡಿಸಿದರು. ಮಗಳು ಬಾಯಿ ಬಿಡಲಿಲ್ಲ. ಗೋಡೆಯ ಆಚೆ ನನ್ನ ಮೊಮ್ಮಗಳು ಅಳುತ್ತಿದ್ದಳು, ಈಚೆ ನಾನು ಕೂತಿದ್ದೆ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಮಾರನೇ ವಾರವೇ ಚಾಮರಾಜನಗರದ ಬಸ್ಸು ಹತ್ತಿದೆ. ಮೊದಲು ಕಿವಿ ಮೂಗಿನ ಡಾಕ್ಟರು ನೋಡಿ, ಇದು ಉಸಿರು ಕಟ್ಟುವ ಕಾಯಿಲೆಯಲ್ಲ, ಬರೀ ಗೊರಕೆ ಎಂದು ಹಲ್ಲಿನ ಡಾಕ್ಟರ ಬಳಿಗೆ ಕಳಿಸಿದರು. ಹಲ್ಲಿನ ಡಾಕ್ಟರಮ್ಮ ಬಾಯಿಗೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡರ ಅಚ್ಚನ್ನೂ ತೆಗೆದರು. ಆ ಅಚ್ಚಿನಿಂದ ಮಾಡಿಕೊಡುವ ಕ್ಲಿಪ್ಪನ್ನು ಹಾಕಿಕೊಂಡು ಮಲಗಿದರೆ ಕೆಳದವಡೆ ಸ್ವಲ್ಪ ಮುಂದೆ ನಿಲ್ಲುತ್ತದೆ, ಗಂಟಲಿನ ದಾರಿ ತೆರೆದಿರುತ್ತದೆ, ಗೊರಕೆ ಇಳಿಯುತ್ತದೆ ಎಂದು ತಿಳಿಸಿ ಹೇಳಿದರು. "ನಿಮ್ಮ ಪುಣ್ಯ, ಹಲ್ಲು ಗಟ್ಟಿಯಾಗಿವೆ. ಇದು ಕಚ್ಚಿಕೊಂಡು ನಿಲ್ಲೋದೇ ಹಲ್ಲಿನ ಮೇಲೆ. ಹಲ್ಲು ಬಿದ್ದವರಿಗೆ ಇದನ್ನು ಮಾಡಿಕೊಡೋಕಾಗಲ್ಲ," ಎಂದರು. ಆ ಮಾತನ್ನು ಯಾಕೋ ನೆನಪಿಟ್ಟುಕೊಂಡೆ.

ಇನ್ನೊಂದು ಮಾತನ್ನೂ ಒತ್ತಿ ಹೇಳಿದರು: ತಣ್ಣೀರಲ್ಲೇ ತೊಳೆಯಬೇಕು, ಬಿಸಿನೀರು ಸೋಕಿಸಲೇಬಾರದು. ಕ್ಲಿಪ್ಪು ಹಿಡಿದು ಮನೆಗೆ ಬಂದವಳೇ ಅತ್ತಿಗೆಯ ಮುಂದೆ ಅದನ್ನು ಎರಡು ಸಲ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತಾ ಹೂಂಗುಟ್ಟಿದಳು.

ಮೊದಲ ದಿನ ದವಡೆ ಹಿಡಿದುಕೊಂಡಿತು, ಜೊಲ್ಲು ಸುರಿದು ದಿಂಬು ಒದ್ದೆಯಾಯಿತು. ನಾಲ್ಕನೇ ದಿನಕ್ಕೆ ಗಂಡ, "ಏನೇ, ನೀನ್ ಮಲಗಿದ್ಯೋ ಇಲ್ವೋ ಅಂತ ಮುಟ್ಟಿ ನೋಡ್ದೆ," ಎಂದರು. ನಾನು ಚಾಪೆ ಕಂಕುಳಲ್ಲಿ ಹಿಡಿದು ಕೋಣೆಯ ಬಾಗಿಲಿಗೆ ಹೋದೆ. ಅತ್ತಿಗೆ ಬೇಡ ಎನ್ನಲಿಲ್ಲ. "ಸಾಯಂಕಾಲ ಬಾ," ಎಂದಳು.

ಬಾಣಂತಿಯ ಕೋಣೆಗೆ ಹೋಗುವ ಬಟ್ಟೆ, ಬಟ್ಟಲು, ಕೂಸಿಗೆ ಕುಡಿಸುವ ಒಳಲೆ ಏನೇ ಆದರೂ ಬಚ್ಚಲ ಹಂಡೆಯ ಕುದಿಯುವ ಬೇವಿನ ನೀರಲ್ಲಿ ಅದ್ದಿಯೇ ಹೋಗಬೇಕು. ಇದು ಅತ್ತಿಗೆಯ ಕಟ್ಟುನಿಟ್ಟು, ಅವಳಿಗೂ ಮೊದಲು ನಮ್ಮತ್ತೆಯದು. ಸಾಯಂಕಾಲ ಹೋಗಿ ನೋಡಿದರೆ, ಅಡುಗೆಮನೆಯ ಗೂಡಿನಲ್ಲಿ ನೀರಿನ ಬಟ್ಟಲಲ್ಲಿ ಇಟ್ಟಿದ್ದ ನನ್ನ ಕ್ಲಿಪ್ಪು ಹಂಡೆಯಲ್ಲಿ ಬೇವಿನ ಎಲೆಗಳ ನಡುವೆ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡು ತೇಲುತ್ತಿತ್ತು.

"ಬಾಯೊಳಗ ಇಟ್ಕಳೋ ವಸ್ತು, ಕೂಸಿನ ಪಕ್ಕ ಮಲಗೋಳು ನೀನು. ನಂಜಾಗ್ಬಾರ್ದು ಅಂತ ಅದ್ದುದೆ, ಅಷ್ಟೆ. ಇಂಗಾಯ್ತದ ಅಂತ ನಂಗೇನ್ ಗೊತ್ತು?"

ಮರೆತಳೋ, ಬೇಕೆಂದೇ ಮಾಡಿದಳೋ ಎಂದು ಮಗಳು ಇವತ್ತಿಗೂ ಅನುಮಾನ ಪಡುತ್ತಾಳೆ. ನನಗೆ ಅನುಮಾನವಿಲ್ಲ.

ಅಂದು ಮಗಳಿಗೆ ಊಟ ಕೊಡಲು ಹೋದಾಗ ಅವಳು ಬಾಗಿಲ ಕಡೆ ನೋಡಿಕೊಂಡು ಪಿಸುಗುಟ್ಟಿದಳು: "ಅವ್ವ, ಅತ್ತೆ ನಿನ್ಗಿಂತ ಜೋರಾಗಿ ಗೊರ್ಕೆ ಒಡೀತಾರ ಕಣವ್ವ. ಹೇಳುದ್ರ ಕೋಪಿಸ್ಕಂಡು ಓಗ್ಬುಟ್ಟಾರು, ಕೂಸಿಗೆ ನೀರ್ ಹಾಕೋರ್ ಯಾರು ಅಂತ ಸುಮ್ನಿದ್ದೀನಿ."

ನನಗೆ ಸಕ್ಕರೆ ತಿಂದಷ್ಟು ಸಂತೋಷವಾಯಿತು.

ಡಾಕ್ಟರಮ್ಮ ಹಳೆಯ ಅಚ್ಚನ್ನು ಎಸೆದಿರಲಿಲ್ಲ. ಅದರಲ್ಲೇ ಇನ್ನೊಂದು ಕ್ಲಿಪ್ಪು ಮಾಡಿಕೊಟ್ಟರು. ಅದನ್ನು ಎಲೆಯಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಗಂಡನಿಗೂ ತೋರಿಸಲಿಲ್ಲ. ಮುರುಟಿದ್ದನ್ನು ಎಲ್ಲರಿಗೂ ಕಾಣುವಂತೆ ಅಡುಗೆಮನೆಯ ಗೂಡಿನಲ್ಲಿ ನೀರಿನ ಬಟ್ಟಲಲ್ಲೇ ಬಿಟ್ಟೆ. ಹೊಸದನ್ನು ಹಾಕಿಕೊಂಡು ಸದ್ದಿಲ್ಲದೆ ಮಲಗೆದ್ದ ಮೊದಲ ಬೆಳಿಗ್ಗೆಯೇ ಅತ್ತಿಗೆ ಬಾಣಲೆಗೆ ಎಣ್ಣೆ ಸುರಿಯುತ್ತಾ, "ನಿನ್ ಗೊರ್ಕೆ ಗೋಡೆ ತೂರ್ಕಂಡು ಬಂತು ಕಣಮ್ಮಿ, ಕೂಸು ಕಣ್ಣೇ ಮುಚ್ನಿಲ್ಲ," ಎಂದಳು. ಹೌದೇನಕ್ಕ, ಎಂದು ತಲೆ ತಗ್ಗಿಸಿದೆ. ತೊಟ್ಟಿಲ ಶಾಸ್ತ್ರದವರೆಗೂ ದಿನಾ ಹಾಗೇ ತಗ್ಗಿಸಿದೆ.

ತೊಟ್ಟಿಲಿನ ದಿನ ಉಮ್ಮತ್ತೂರಿನಿಂದ ಬೀಗರ ಮನೆಯ ಹೆಂಗಸರು ಬಂದರು. ಹೋಳಿಗೆ ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಮಲಗಲು ಜಮಖಾನ ಹಾಸಿದೆವು. ಬಾಣಂತಿ, ಮಗು, ತೊಟ್ಟಿಲು ಎಲ್ಲ ಅಲ್ಲೇ. ಅತ್ತಿಗೆ ಬೀಗಿತಿಯ ಮುಂದೆಯೇ, "ನೀನು ಕೊಟ್ಗೆ ಕಡೆ ಓಗಿ ಮಲಿಕೊಮ್ಮಿ. ಇಲ್ಲಿ ಜನ ನಿದ್ದೆ ಮಾಡ್ಬೇಕು," ಎಂದಳು. ಹೆಂಗಸರು ಕಿಸಕ್ಕೆಂದರು. ನಾನು ಮುಖ ತಿರುಗಿಸಿ ಕ್ಲಿಪ್ಪು ಬಾಯಿಗೆ ಹಾಕಿಕೊಂಡೆ. ಬಂದು ಸಾಲಿನ ನಟ್ಟನಡುವೆ, ಅತ್ತಿಗೆಯ ಪಕ್ಕದಲ್ಲೇ ಮಲಗಿ ಕಣ್ಣುಮುಚ್ಚಿದೆ. ಛತ್ರದಲ್ಲಿ ಮುಚ್ಚಿದ ಹಾಗೆಯೇ.

ಹೋಳಿಗೆ ತನ್ನ ಕೆಲಸ ಮಾಡಿತು. ಮೊದಲು ಒಂದು ಸಣ್ಣ ಸಿಳ್ಳು, ಆಮೇಲೆ ರಾಗಿ ಮಿಷನ್ ಶುರುವಾದ ಹಾಗೆ. ಮಗು ಎದ್ದು ಕಿರುಚಿತು.

"ಅಗಾ, ಶುರು ಅಚ್ಕಂಡ್ರು ನಿಮ್ಮವ್ವ," ಎಂದರು ಬೀಗಿತಿ.

"ನಮ್ಮವ್ವ ಅಲ್ಲ ಕಣತ್ತೆ," ಎಂದಳು ನನ್ನ ಮಗಳು. "ಸರಿಯಾಗಿ ನೋಡಿ."

ನಾನು ಎದ್ದು ಕೂತೆ. ಎಲ್ಲರೂ ನೋಡುವಂತೆ ನಿಧಾನವಾಗಿ ಕ್ಲಿಪ್ಪು ತೆಗೆದು ಅಂಗೈಯಲ್ಲಿ ಹಿಡಿದೆ. ಗೊರಕೆ ನಿಲ್ಲಲಿಲ್ಲ. ಹೆಂಗಸರ ನಗುವಿಗೆ ಅತ್ತಿಗೆ ಗಡಬಡಿಸಿ ಎದ್ದಳು. ಎಲ್ಲರ ಮುಖ ನೋಡಿದಳು, ನನ್ನ ಅಂಗೈ ನೋಡಿದಳು. ಅವತ್ತು ಸಾಯಂಕಾಲ ಅವಳ ಚಾಪೆ ಸುತ್ತಿ ನಡುಮನೆಗೆ ತಂದಿಟ್ಟವಳು ನಾನು. ಮೊಮ್ಮಗಳ ತೊಟ್ಟಿಲ ಪಕ್ಕ ಕಾಲು ನೀಡಿ ಮಲಗಿದಾಗ ಸಂತೋಷಕ್ಕೆ ನಿದ್ದೆಯೇ ಬರಲಿಲ್ಲ.

ಅಲ್ಲಿಗೆ ಸಾಕು ಮಾಡಬಹುದಿತ್ತು. ಬಾಣಂತನ ಮುಗಿಸಿಕೊಟ್ಟು ಹೊರಡುವ ಮುಂಚೆ ಅತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದಳು. ಸೆರಗಿನ ತುದಿ ತಿರುವುತ್ತಾ, "ಸೊಸೆ ಮುಂದ ಮಾನ ಓಯ್ತದ ಕಣಮ್ಮಿ. ಆ ಡಾಕ್ಟ್ರ ತಾವ ನನ್ನೂ ಒಂದ್ಸಲ ಕರ್ಕಂಡೋಗು," ಎಂದಳು. ಹೊಗೆಸೊಪ್ಪು ತಿಂದೂ ತಿಂದೂ ಅವಳ ಬಾಯಲ್ಲಿ ಮೇಲೆ ಮೂರು, ಕೆಳಗೆ ನಾಲ್ಕು ಹಲ್ಲು ಉಳಿದಿದ್ದವು. ಡಾಕ್ಟರಮ್ಮ ಅಂದು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿತ್ತು.

"ಬನ್ನಿ ಅಕ್ಕ, ಅದ್ಕೇನಂತೆ," ಎಂದೆ.

ದಾರಿಯುದ್ದಕ್ಕೂ ಅವಳು ಕೇಳುತ್ತಲೇ ಇದ್ದಳು: ನೋಯುತ್ತದೆಯೇ, ಅಭ್ಯಾಸವಾಗಲು ಎಷ್ಟು ದಿನ ಬೇಕು, ಸೊಸೆಗೆ ತಿಳಿಯದಂತೆ ಎಲ್ಲಿಡಬೇಕು. ಎಲ್ಲಕ್ಕೂ ಅಕ್ಕರೆಯಿಂದ ಉತ್ತರ ಕೊಟ್ಟೆ. ಡಾಕ್ಟರಮ್ಮ ಬಾಯಿಗೆ ಟಾರ್ಚು ಬಿಟ್ಟವರು ಆಗಲೇ ಆರಿಸಿದರು. "ಹಲ್ಲೇ ಇಲ್ವಲ್ಲಮ್ಮ, ಇದು ಯಾವುದನ್ನ ಹಿಡ್ಕೊಳ್ಳುತ್ತೆ?" ಎಂದು ನನ್ನ ಕಡೆ ತಿರುಗಿ, "ನಿಮಗೆ ಹೇಳಿದ್ನಲ್ಲ?" ಎಂದರು. ಅತ್ತಿಗೆಯೂ ತಿರುಗಿ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ವಾಪಸ್ಸಿನ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ತೆರಕಣಾಂಬಿ ದಾಟುವಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ವಾಲಿತು, ಬಾಯಿ ತೆರೆಯಿತು, ಮಿಷನ್ ಶುರುವಾಯಿತು. ಹಿಂದಿನ ಸೀಟಿನವರು ನಕ್ಕರು. ಮುಂದೆ ಚೆಂಡುಹೂವಿನ ಮಂಕರಿ ಇಟ್ಟುಕೊಂಡು ಕೂತಿದ್ದ ಹೆಂಗಸು ಹಿಂದೆ ತಿರುಗಿ ಕೇಳಿದಳು: "ನಿಮ್ಮೋರಾ ಅವ್ವ?"

ಇಷ್ಟು ವರ್ಷ ನಾನು ಕಾದಿದ್ದ ಪ್ರಶ್ನೆ ಅದು. "ಯಾರೋ ಕಾಣೆ ಕಣವ್ವ," ಎಂದೆ, ನಾಲ್ಕು ಸೀಟಿಗೆ ಕೇಳುವ ಹಾಗೆ.

ಗೊರಕೆ ತಟ್ಟನೆ ನಿಂತಿತು. ಅವಳು ಕಣ್ಣು ತೆರೆಯಲಿಲ್ಲ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಬರುವವರೆಗೂ ತಲೆಯನ್ನು ನನ್ನ ಭುಜದಿಂದ ಎತ್ತಲೂ ಇಲ್ಲ.